ಏಣಗಿ ಬಾಳಪ್ಪ: ಕಂಪನಿ ನಾಟಕದ ನೂರು ದಾಟಿದ ದನಿ

ಕಂಪನಿ ನಾಟಕದ ಹಿರಿಯ ಗಾಯಕ ನಟ ಏಣಗಿ ಬಾಳಪ್ಪ ಅವರು ಬೆಳಗಾವಿ ಜಿಲ್ಲೆ ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದರು. ಆಗ ಹೆಣ್ಣುಮಕ್ಕಳು ರಂಗಕ್ಕೆ ಬರೋದೇ ಅಪರೂಪ. ಎಳೆಯ ಬಾಳಪ್ಪ ಸ್ತ್ರೀ ಪಾತ್ರಗಳನ್ನೂ ಮಾಡಿದರು. ಮೈಕ್ ಇಲ್ಲದ ಕಾಲ. ಹಿಂದಿನ ಸಾಲಿನ ಮಂದಿಗೂ ಹಾಡು ಕೇಳಬೇಕು ಅಂದ್ರೆ ಗಟ್ಟಿ ಕಂಠವೇ ಬೇಕಿತ್ತು.

ಮುಂದೆ ಕಲಾವೈಭವ ನಾಟ್ಯ ಸಂಘ ಕಟ್ಟಿ ಊರೂರು ತಿರುಗಿದರು. ‘ಜಗಜ್ಯೋತಿ ಬಸವೇಶ್ವರ’ ನಾಟಕದ ಬಸವಣ್ಣನ ಪಾತ್ರ ಅವರನ್ನು ಮನೆಮಾತಾಗಿಸಿತು. ಕಂಪನಿ ಅಂದ್ರೆ ನಟರು, ವಾದ್ಯದವರು, ಪರದೆಯವರು, ಅಡುಗೆಯವರು. ಟಿಕೆಟ್ ಹೋದರಷ್ಟೇ ಎಲ್ಲರಿಗೂ ಊಟ. ಸಿನಿಮಾ ಬಂದ ಮೇಲೆ ಆ ಲೆಕ್ಕವೇ ತಪ್ಪುತ್ತಾ ಹೋಯಿತು.

ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, ನಾಡೋಜ ಗೌರವ ಪಡೆದ ಅವರು 2017ರ ಆಗಸ್ಟ್ 18ರಂದು ನಿಧನರಾದರು. ಆಗ ಅವರಿಗೆ 103 ವರ್ಷ.