ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ: ಲೀವರ್ ಬೀಗ ಬೆಳೆದ ಬಗೆ

ಬಾಗಿಲಿನ ದಪ್ಪದೊಳಗೆ ಗೂಡು ಕೊರೆದು ಕೂರಿಸುವ ಮಾರ್ಟಿಸ್ ಬೀಗದಲ್ಲಿ ಹೊರಗಿನವರಿಗೆ ಕಾಣುವುದು ಕೀಲಿಕಂಡಿ ಮಾತ್ರ. ಹಳೆಯ ಬಾಗಿಲಿನಿಂದ ಕಳಚಿದ ಅಂಥದೊಂದು ಬೀಗದ ಮುಚ್ಚಳ ಬಿಚ್ಚಿದಾಗ ನನಗೆ ಕಂಡದ್ದು ಇಸ್ಪೀಟಿನ ಎಲೆಗಳಂತೆ ಒಂದರ ಮೇಲೊಂದು ಮಲಗಿದ್ದ ಹಿತ್ತಾಳೆಯ ಐದು ತಗಡುಗಳು. ಅವೇ ಲೀವರ್‌ಗಳು. ಐದೂ ಒಂದೇ ಗೂಟದ ಮೇಲೆ ಆಡುತ್ತವೆ, ಒಂದೊಂದನ್ನೂ ಪುಟ್ಟ ಸ್ಪ್ರಿಂಗ್ ಕೆಳಕ್ಕೆ ಒತ್ತಿ ಹಿಡಿದಿರುತ್ತದೆ. ಕೀಲಿಯ ಹಲ್ಲುಗಳು ಅವನ್ನು ಬೇರೆ ಬೇರೆ ಎತ್ತರಕ್ಕೆ ಎತ್ತಿ, ತಗಡುಗಳಲ್ಲಿ ಕತ್ತರಿಸಿದ ಸೀಳುಗಳೆಲ್ಲ ಒಂದೇ ಸಾಲಿಗೆ ಬಂದಾಗ, ಅಗುಳಿಗೆ ಹೊಂದಿಕೊಂಡ ಮೊಳೆ ಆ ಸೀಳಿನಲ್ಲಿ ಹಾಯುತ್ತದೆ. ಆಗಲೇ ಅಗುಳಿ ಸರಿಯುವುದು.

ಇದಕ್ಕೂ ಮೊದಲು ಯುರೋಪಿನ ಬೀಗಗಳು ಹೆಚ್ಚಾಗಿ ನಂಬಿದ್ದು ಕೀಲಿಯ ದಾರಿಗೆ ಅಡ್ಡ ಇಟ್ಟ ತಡೆಪಟ್ಟಿಗಳನ್ನು. ತಡೆಗೆ ತಾಗದಂತೆ ಸಣಕಲು ಕೀಲಿ ಅರೆದುಕೊಂಡವನಿಗೆ ಅವು ಲೆಕ್ಕಕ್ಕೇ ಇರಲಿಲ್ಲ. ಲೀವರ್ ಇದ್ದ ಬೀಗಗಳೂ ಇದ್ದವು, ಆದರೆ ಅದನ್ನು ಸಾಕಷ್ಟು ಎತ್ತಿದರೆ ಮುಗಿಯಿತು, ಜಾಸ್ತಿ ಎತ್ತಿದರೂ ಬೀಗ ತೆರೆಯುತ್ತಿತ್ತು. 1778ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ಪೇಟೆಂಟ್ ಪಡೆದ ಬೀಗ ಈ ಸಡಿಲವನ್ನು ಮುಚ್ಚಿತು. ಲೀವರ್ ಕಡಿಮೆ ಎದ್ದರೂ ಅಗುಳಿ ಕದಲದು, ಹೆಚ್ಚು ಎದ್ದರೂ ಕದಲದು. ಇಡೀ ವಿದ್ಯೆಯ ತಿರುಳು ಇದೇ ಎಂದು ನನಗನ್ನಿಸುತ್ತದೆ. ಮುಂದಿನದೆಲ್ಲ ಇದರ ವಿಸ್ತರಣೆ.

1817ರಲ್ಲಿ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಕಳ್ಳತನವಾಯಿತು. ತನ್ನ ಕೀಲಿಯ ಹೊರತು ಬೇರಾವುದಕ್ಕೂ ಬಗ್ಗದ ಬೀಗ ಬೇಕೆಂದು ಸರ್ಕಾರ ಸ್ಪರ್ಧೆ ಹೂಡಿತು. ಮರುವರ್ಷ ಜೆರೆಮಿಯಾ ಚಬ್ ತಂದ ಬೀಗಕ್ಕೆ ಒಂದು ಚುರುಕು ಗುಣವಿತ್ತು. ಯಾರಾದರೂ ಕಳ್ಳಕೀಲಿಯಿಂದ ಲೀವರನ್ನು ಮಿತಿಮೀರಿ ಎತ್ತಿದರೆ ಅದು ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಆಮೇಲೆ ಒಡೆಯನ ಸ್ವಂತ ಕೀಲಿಯೂ ತಿರುಗದು, ಯಾರೋ ಕೈಯಾಡಿಸಿದ್ದಾರೆಂದು ಅವನಿಗೆ ತಿಳಿಯುತ್ತಿತ್ತು. ಬೀಗದ ಕಸುಬು ಬಲ್ಲ ಒಬ್ಬ ಕೈದಿಗೆ ಬಿಡುಗಡೆಯ ಆಸೆ ತೋರಿಸಿ ಈ ಬೀಗ ಕೊಟ್ಟರು. ಎರಡು-ಮೂರು ತಿಂಗಳು ಹೆಣಗಿ ಅವನು ಕೈಚೆಲ್ಲಿದ.

ಈ ಬೀಗದ ದೋಷವನ್ನು ಬಯಲಿಗೆಳೆದದ್ದು ಅಮೆರಿಕದ ಆಲ್ಫ್ರೆಡ್ ಹಾಬ್ಸ್. 1851ರ ಲಂಡನ್ ಮಹಾಪ್ರದರ್ಶನದ ದಿನಗಳಲ್ಲಿ ಆತ ಚಬ್ ಬೀಗವನ್ನು 25 ನಿಮಿಷಗಳಲ್ಲಿ ತೆರೆದ. ಅವನ ಉಪಾಯ ಬೀಗದ ನಿಖರತೆಯ ಒಳಗೇ ಅಡಗಿತ್ತು. ಅಗುಳಿಯನ್ನು ತೆರೆಯುವ ದಿಕ್ಕಿಗೆ ಮೆಲ್ಲಗೆ ಒತ್ತಿ ಹಿಡಿದರೆ ಎಲ್ಲ ಲೀವರ್‌ಗಳೂ ಒಂದೇ ಸಮ ಬಿಗಿಯುವುದಿಲ್ಲ. ಕೂದಲೆಳೆಯ ವ್ಯತ್ಯಾಸದಿಂದ ಒಂದು ಮೊದಲು ಬಿಗಿಯುತ್ತದೆ. ಅದನ್ನು ಸೀಳಿನ ಮಟ್ಟಕ್ಕೆ ಎತ್ತಿದೊಡನೆ ಮತ್ತೊಂದು ಬಿಗಿಯುತ್ತದೆ. ಹೀಗೆ ಒಂದೊಂದಾಗಿ ಬೀಗವೇ ತನ್ನ ಗುಟ್ಟು ಹೇಳಿಬಿಡುತ್ತದೆ. ಬೀಗದ ದೋಷವನ್ನು ಬಹಿರಂಗವಾಗಿ ಚರ್ಚಿಸಬಾರದೆಂದು ಆಗ ಅನೇಕರು ಹೇಳಿದರು. ಕಳ್ಳರಿಗೆ ಅದೆಲ್ಲ ಮೊದಲೇ ಗೊತ್ತಿರುತ್ತದೆ ಎಂಬುದು ಹಾಬ್ಸ್ ವಾದ. ನಾನು ಹಾಬ್ಸ್ ಪಕ್ಷ. ಮುಂದಿನ ತಯಾರಕರು ಸೀಳಿನ ಅಂಚಿನಲ್ಲಿ ಕಳ್ಳಗಚ್ಚುಗಳನ್ನು ಕೊರೆದರು. ಒತ್ತಡದಲ್ಲಿ ಮೊಳೆ ಆ ಗಚ್ಚಿಗೆ ಸಿಕ್ಕಿಕೊಂಡು, ದಾರಿ ಸಿಕ್ಕಿತೆಂದು ಭ್ರಮೆ ಹುಟ್ಟಿಸುತ್ತದೆ. ಕೀಲಿಕಂಡಿಯೊಳಗೆ ಕೀಲಿಯೊಡನೆ ತಿರುಗುವ ಪರದೆಯೂ ಬಂತು. ಎರಡು ಸಲಕರಣೆಗಳನ್ನು ಒಟ್ಟಿಗೆ ತೂರಿಸುವುದು ಅದರಿಂದ ಕಷ್ಟವಾಯಿತು.

ಮನೆಬಾಗಿಲಿನ ಬೀಗಕ್ಕೆ ಇನ್ನೊಂದು ಪೇಚಿದೆ: ಒಳಗಿನಿಂದಲೂ ಹೊರಗಿನಿಂದಲೂ ಒಂದೇ ಕೀಲಿ ತಿರುಗಬೇಕು. ಹೊರಗಿನಿಂದ ತುದಿಹಲ್ಲು ಎತ್ತುವ ಲೀವರನ್ನು ಒಳಗಿನಿಂದ ಬುಡದ ಹಲ್ಲು ಎತ್ತಬೇಕಾಗುತ್ತದೆ. ಹಲ್ಲುಗಳನ್ನು ನಡುವಿನಿಂದ ಎರಡೂ ಕಡೆಗೆ ಒಂದೇ ಥರ ಕತ್ತರಿಸುವುದು ಇದಕ್ಕೆ ನೇರವಾದ ಪರಿಹಾರ. ಅದಕ್ಕೆ ತೆರುವ ಬೆಲೆ ಸಣ್ಣದಲ್ಲ. ಪ್ರತಿ ಹಲ್ಲಿಗೆ ಆರು ಎತ್ತರಗಳಿದ್ದರೆ ಐದು ಲೀವರ್‌ಗಳಿಂದ ಲೆಕ್ಕಕ್ಕೆ 7,776 ಬಗೆಯ ಕೀಲಿ ಸಿಗಬೇಕು. ಹಲ್ಲುಗಳು ಜೋಡಿಜೋಡಿಯಾದರೆ ಉಳಿಯುವುದು 216. ಬ್ರಿಟನ್ನಿನ ಬಿಎಸ್ 3621 ಮಾನಕ ಕನಿಷ್ಠ 1,000 ಬಗೆ ಬೇಕೆನ್ನುತ್ತದೆ. ಅಗುಳಿ 20 ಮಿ.ಮೀ. ಹೊರಚಾಚಬೇಕು, ಡ್ರಿಲ್ಲಿಗೆ ತಡೆ ಇರಬೇಕು ಎಂಬ ನಿಯಮಗಳೂ ಅದರಲ್ಲಿವೆ.

ನಮ್ಮಲ್ಲಿ 1897ರಲ್ಲಿ ಅರ್ದೇಶಿರ್ ಗೋದ್ರೆಜ್ ಮುಂಬಯಿಯಲ್ಲಿ ಬೀಗ ತಯಾರಿಕೆ ಶುರುಮಾಡಿದರು. ಅಲೀಗಢ, ದಿಂಡಿಗಲ್ ಬೀಗಕ್ಕೇ ಹೆಸರಾದ ಊರುಗಳು. ಅಂಗಡಿಯಲ್ಲಿ ನಾವು ‘ಎಷ್ಟು ಲೀವರ್?’ ಎಂದು ಕೇಳುತ್ತೇವೆ. ಸೀಳಿಗೂ ಮೊಳೆಗೂ ನಡುವೆ ಎಷ್ಟು ಸಡಿಲವಿದೆ ಎಂಬುದೂ ಅಷ್ಟೇ ಮುಖ್ಯ. ಸಡಿಲ ಹೆಚ್ಚಿದ್ದರೆ ಪಕ್ಕದ ಮನೆಯ ಕೀಲಿಯೂ ತಿರುಗೀತು. ತೀರಾ ಬಿಗಿಯಿದ್ದರೆ, ವರ್ಷಗಟ್ಟಲೆ ತಿರುಗಿ ಹಲ್ಲು ಸವೆದ ನಮ್ಮ ಕೀಲಿಯೇ ತಡವರಿಸುತ್ತದೆ. ಆದ್ದರಿಂದ ನಕಲು ಮಾಡಿಸುವಾಗ ದಿನಬಳಕೆಯ ಕೀಲಿಯನ್ನು ಕೊಡಬೇಡಿ, ಬೀಗದ ಜೊತೆ ಬಂದು ಬೀರುವಿನಲ್ಲೇ ಉಳಿದಿರುವ ಎರಡನೆಯದನ್ನು ಕೊಡಿ.