ತೊಡೆಸಂದಿನ ಗಡ್ಡೆ: ಹಳೇ ಮೈಸೂರಿನ ಪ್ಲೇಗು ಮತ್ತು ದುಗ್ಧರಸ ವ್ಯವಸ್ಥೆ

1898ರ ಆಗಸ್ಟಿನಲ್ಲಿ ಪ್ಲೇಗು ರೈಲು ಹತ್ತಿ ಬೆಂಗಳೂರಿಗೆ ಬಂತು. ಹಳೇ ಮೈಸೂರು ಸೀಮೆಯಲ್ಲಿ ಪ್ಲೇಗಿನ ಗುರುತು ಎರಡು: ಮನೆಯಲ್ಲಿ ಇಲಿ ಬೀಳುವುದು, ಮೈಯಲ್ಲಿ ಗಡ್ಡೆ ಏಳುವುದು. ಆ ಗಡ್ಡೆ ಊದಿದ ದುಗ್ಧಗ್ರಂಥಿಯೇ. ಹಳೇ ಮೈಸೂರಿನ ಜನ ದುಗ್ಧರಸ ವ್ಯವಸ್ಥೆಯನ್ನು ಅರಿತದ್ದು ಪುಸ್ತಕದಿಂದಲ್ಲ, ಈ ಗಡ್ಡೆಯಿಂದ ಎಂಬುದು ನನ್ನ ವಾದ.

ರಕ್ತದ ಲೋಮನಾಳಗಳಿಂದ ಜಿನುಗಿದ ದ್ರವದಲ್ಲಿ ಹಿಂದಿರುಗದೆ ಉಳಿದದ್ದನ್ನು ದುಗ್ಧನಾಳಗಳು ಹೀರಿಕೊಳ್ಳುತ್ತವೆ; ಅದೇ ದುಗ್ಧರಸ. ಈ ವ್ಯವಸ್ಥೆಗೆ ಹೃದಯದಂಥ ಪಂಪು ಇಲ್ಲ. ನಾಳಗಳ ಸಂಕೋಚನ, ಸ್ನಾಯುಗಳ ಚಲನೆ, ಒಳಗಿನ ಕವಾಟಗಳು ಸೇರಿ ರಸವನ್ನು ಮೇಲಕ್ಕೆ ತಳ್ಳುತ್ತವೆ. ದಾರಿಯುದ್ದಕ್ಕೂ ಇರುವ ಗ್ರಂಥಿಗಳು ಅದನ್ನು ಸೋಸುತ್ತವೆ. ಬಹುಪಾಲು ರಸ ಎದೆಯ ದೊಡ್ಡ ನಾಳದ ಮೂಲಕ ಎಡಗತ್ತಿನ ಬುಡದಲ್ಲಿ ಮತ್ತೆ ರಕ್ತಕ್ಕೆ ಸೇರುತ್ತದೆ. ಕಾಲಿನ ರಸಕ್ಕೆ ಮೊದಲ ದೊಡ್ಡ ಠಾಣೆ ತೊಡೆಸಂದು. ಪ್ಲೇಗನ್ನು ಇಲಿಯಿಂದ ಮನುಷ್ಯನಿಗೆ ತರುವ ಚಿಗಟ ಹೆಚ್ಚಾಗಿ ಕಚ್ಚುವುದು ಕಾಲಿಗೆ. ಆದ್ದರಿಂದಲೇ ಗಡ್ಡೆ ಬಹಳ ಸಲ ಅಲ್ಲೇ ಏಳುತ್ತಿತ್ತು. ಕೈಗೆ ಕಚ್ಚಿದರೆ ಕಂಕುಳಲ್ಲಿ. ಸೋಸಬೇಕಾದ ಗ್ರಂಥಿಯಲ್ಲೇ ಪ್ಲೇಗಿನ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಗ್ರಂಥಿ ಕೋಳಿಮೊಟ್ಟೆಯಷ್ಟು ಊದಿ, ಮುಟ್ಟಿದರೆ ಜೀವ ಹೋಗುವಷ್ಟು ನೋಯುತ್ತದೆ.

ಯುರೋಪಿನಲ್ಲಿ ಈ ನಾಳಗಳ ಶೋಧ ಬಹು ಹಿಂದಿನದು. 1622ರಲ್ಲಿ ಇಟಲಿಯ ಅಸೆಲ್ಲಿ ನಾಯಿಯ ಕರುಳಿನ ಪೊರೆಯಲ್ಲಿ ಬಿಳಿಯ ನಾಳಗಳನ್ನು ಕಂಡ. 1651ರಲ್ಲಿ ಫ್ರಾನ್ಸಿನ ಪೆಕೆ ಅವು ಎದೆಯ ನಾಳಕ್ಕೆ ಕೂಡುವುದನ್ನು ಪ್ರಕಟಿಸಿದ. ನಮಗೆ ಮುಖ್ಯವಾದದ್ದು 1894. ಹಾಂಗ್‌ಕಾಂಗ್‌ನಲ್ಲಿ ಅಲೆಕ್ಸಾಂದ್ರ್ ಯೆರ್ಸಿನ್ ಸತ್ತವರ ಗಡ್ಡೆಯನ್ನು ಸೀಳಿ ಅದರೊಳಗೆ ಪ್ಲೇಗಿನ ಬ್ಯಾಕ್ಟೀರಿಯಾವನ್ನು ಗುರುತಿಸಿದ. ಪ್ಲೇಗು ಬೆಂಗಳೂರಿಗೆ ಬಂದ ವರ್ಷವೇ ಕರಾಚಿಯಲ್ಲಿ ಪೌಲ್ ಲೂಯಿ ಸಿಮೋಂ ಚಿಗಟದ ಪಾತ್ರವನ್ನು ತೋರಿಸಿದ. ಆ ಮಾತನ್ನು ವೈದ್ಯಲೋಕ ಒಪ್ಪಲು ವರ್ಷಗಳೇ ಹಿಡಿದವು.

ಅಷ್ಟರೊಳಗೆ ಸರ್ಕಾರ ಗಡ್ಡೆಯನ್ನೇ ಹುಡುಕತೊಡಗಿತು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ ನಡೆಯಿತು. ಕಂಕುಳು, ತೊಡೆಸಂದು ಮುಟ್ಟಿಸಿಕೊಳ್ಳುವುದು ಮರ್ಯಾದಸ್ಥರಿಗೆ, ಅದರಲ್ಲೂ ಹೆಂಗಸರಿಗೆ, ಸಹಿಸಲಾಗದ ಮಾತಾಯಿತು. ಮೈಸೂರು ಸಂಸ್ಥಾನದ ಪ್ಲೇಗ್ ಕಮಿಷನರ್ ಆಗಿದ್ದವರು ವಿ. ಪಿ. ಮಾಧವರಾವ್. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಪ್ಲೇಗು ಕ್ರಮಗಳ ವಿರುದ್ಧ ಗಲಭೆಯೇ ಎದ್ದಿತು. ಇಲಿ ಬಿದ್ದೊಡನೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುವ ಕ್ರಮ ಮಾತ್ರ ಚೆನ್ನಾಗಿ ನಾಟಿತು. ಗೋಡೆಗೆ ಔಷಧಿ ಎರಚುವುದಕ್ಕಿಂತ ಇದೇ ಹೆಚ್ಚು ವೈಜ್ಞಾನಿಕವಾಗಿತ್ತು ಎಂದು ಈಗ ನಿಸ್ಸಂಶಯವಾಗಿ ಹೇಳಬಹುದು: ಇಲಿ ಸತ್ತ ಮನೆಯ ಹಸಿದ ಚಿಗಟಕ್ಕೆ ಕಾಲು ಸಿಗದಿದ್ದರೆ ರೋಗ ತೊಡೆಸಂದು ತಲುಪುವ ದಾರಿಯೇ ಇಲ್ಲ.

ಸ್ಟ್ರೆಪ್ಟೊಮೈಸಿನ್ ಬಂದ ಮೇಲೆ ಪ್ಲೇಗು ವಾಸಿಯಾಗುವ ಕಾಯಿಲೆಯಾಯಿತು. 1994ರಲ್ಲಿ ಪ್ಲೇಗು ಮತ್ತೆ ಕಾಣಿಸಿಕೊಳ್ಳುವ ಮುಂಚೆ ಭಾರತದಲ್ಲಿ ಮನುಷ್ಯರಲ್ಲಿ ದಾಖಲಾದ ಕೊನೆಯ ಪ್ಲೇಗು 1966ರದು. ಅದು ಕಂಡದ್ದು ಕರ್ನಾಟಕದಲ್ಲೇ.