ಕಪ್ಪು-ಬಿಳುಪಿನ ಬೆನ್ನೇರಿ ಬಂದ ಬಣ್ಣ

ಶಹಾಪುರ ತಾಲ್ಲೂಕಿನ ಭೀಮರಾಯನಗುಡಿ ಎಂದೊಡನೆ ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳೂ ಕಾಲುವೆಗಳೂ ನೆನಪಾಗುತ್ತವೆ. ಈ ಊರು ಸೇರಿದ್ದ ಅಂದಿನ ಗುಲ್ಬರ್ಗಾ ಜಿಲ್ಲೆಗೆ ಇನ್ನೊಂದು ಹೆಗ್ಗಳಿಕೆಯೂ ಉಂಟು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ಈ ಜಿಲ್ಲೆಯ ಹಳ್ಳಿಗಳು ಟಿ.ವಿ. ಕಂಡಿದ್ದವು.

1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲುಪಿದವು. ಕರ್ನಾಟಕದಲ್ಲಿ ಆಯ್ಕೆಯಾದವು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಆಂಟೆನಾ, ಊರಿಗೆಲ್ಲ ಒಂದೇ ಟಿ.ವಿ. ಒಂದು ಚಿತ್ರದ ಜೊತೆ ಎರಡು ಭಾಷೆಗಳ ಧ್ವನಿಯನ್ನು ಕಳುಹಿಸುವ ಏರ್ಪಾಡೂ ಅದರಲ್ಲಿತ್ತು. ಚಿತ್ರ ಮಾತ್ರ ಕಪ್ಪು-ಬಿಳುಪು.

ಏಷ್ಯನ್ ಕ್ರೀಡಾಕೂಟ ನಡೆದ 1982ರಲ್ಲಿ ದೇಶಕ್ಕೆ ಬಣ್ಣದ ಪ್ರಸಾರ ಬಂತು. ಹಾಗಾದರೆ ಹಳೆಯ ಟಿ.ವಿ.ಗಳ ಗತಿ? ಅವು ಮೂಲೆ ಸೇರಲಿಲ್ಲ. ಬಣ್ಣದ ಕಾರ್ಯಕ್ರಮವೂ ಅವುಗಳಲ್ಲಿ ಕಪ್ಪು-ಬಿಳುಪಾಗಿ ಕಾಣುತ್ತಿತ್ತು. ಇದರ ಹಿಂದಿನ ಉಪಾಯವನ್ನು ಫ್ರಾನ್ಸಿನ ಜಾರ್ಜ್ ವಾಲೆನ್ಸಿ 1938ರಲ್ಲಿಯೇ ಸೂಚಿಸಿದ್ದರು. ಚಿತ್ರದ ಬೆಳಕನ್ನೂ ಬಣ್ಣವನ್ನೂ ಬೇರೆ ಬೇರೆಯಾಗಿ ಕಳುಹಿಸುವುದೇ ಆ ಉಪಾಯ. ಹಳೆಯ ಟಿ.ವಿ. ಬೆಳಕಿನ ಸಂಕೇತವನ್ನಷ್ಟೇ ಬಳಸುತ್ತದೆ. ಹೊಸದು ಎರಡನ್ನೂ ಕೂಡಿಸುತ್ತದೆ. ಭಾರತ ಒಪ್ಪಿಕೊಂಡ, ಜರ್ಮನಿಯ ವಾಲ್ಟರ್ ಬ್ರೂಖ್ ರೂಪಿಸಿದ ‘ಪಾಲ್’ ಪದ್ಧತಿಯ ತಳಹದಿಯೂ ಇದೇ.

ನಮ್ಮ ಕಣ್ಣು ಬೆಳಕು-ನೆರಳಿನ ಸೂಕ್ಷ್ಮವನ್ನು ಗುರುತಿಸುವಷ್ಟು ಚೆನ್ನಾಗಿ ಬಣ್ಣದ ಸೂಕ್ಷ್ಮವನ್ನು ಗುರುತಿಸಲಾರದು. ಆದ್ದರಿಂದ ಬಣ್ಣದ ವಿವರವನ್ನು ಕಡಿಮೆ ಮಾಡಿದರೂ ನೋಡುವವರಿಗೆ ಕೊರತೆ ತೋರುವುದಿಲ್ಲ. ಇಂದಿನ ಡಿಜಿಟಲ್ ಪ್ರಸಾರ, ಡಿವಿಡಿ, ಬ್ಲೂ-ರೇಗಳಲ್ಲೂ ಈ ಜಾಣ್ಮೆ ಉಳಿದಿದೆ. ಅಲ್ಲಿ ಪ್ರತಿ ಚುಕ್ಕೆಗೂ ಬೆಳಕಿನ ಲೆಕ್ಕ ಉಂಟು. ಬಣ್ಣದ ಲೆಕ್ಕ ಮಾತ್ರ ನಾಲ್ಕು ಚುಕ್ಕೆಗಳಿಗೆ ಒಂದೇ. ಇದನ್ನೇ 4:2:0 ಎಂದು ಬರೆಯುತ್ತಾರೆ. ಹೋಂ ಥಿಯೇಟರಿನ ವಿಡಿಯೋ ಪ್ರೊಸೆಸರ್ ಅಕ್ಕಪಕ್ಕದ ಚುಕ್ಕೆಗಳನ್ನು ನೋಡಿ ಬಿಟ್ಟುಹೋದ ಬಣ್ಣವನ್ನು ಅಂದಾಜಿನಿಂದ ತುಂಬುತ್ತದೆ.

ಬಣ್ಣದ ಆಳ ಎಂಬುದು ಇನ್ನೊಂದು ಲೆಕ್ಕ. 8 ಬಿಟ್‌ನಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮೆಟ್ಟಿಲುಗಳು. ಒಟ್ಟು ಸುಮಾರು 1 ಕೋಟಿ 67 ಲಕ್ಷ ಬಣ್ಣಗಳು. 10 ಬಿಟ್‌ನಲ್ಲಿ 1,024 ಮೆಟ್ಟಿಲುಗಳು. ಬಣ್ಣಗಳು 107 ಕೋಟಿಗೂ ಹೆಚ್ಚು. ಮೆಟ್ಟಿಲು ಕಡಿಮೆಯಾದಾಗ ಸಂಜೆಯ ಆಕಾಶದಲ್ಲಿ ಪಟ್ಟೆಗಳು ಕಾಣುತ್ತವೆ. ಪ್ರೊಸೆಸರ್ ಅವನ್ನು ನಯಗೊಳಿಸಬಲ್ಲುದು. ಆದರೆ ಮೂಲದಲ್ಲಿಲ್ಲದ ಬಣ್ಣವನ್ನು ಮರಳಿ ತರಲಾರದು. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಗಳನ್ನು ನೋಡಿ ಹಣ ತೆರುವವರು ಇದನ್ನು ಅರಿತಿರುವುದು ಒಳ್ಳೆಯದು.

ಹಳೆಯ ಟಿ.ವಿ. ಇದ್ದವರನ್ನು ಕೈಬಿಡಬಾರದೆಂದು ಹೂಡಿದ ಉಪಾಯ ಇದು. ಕಪ್ಪು-ಬಿಳುಪಿನ ಟಿ.ವಿ.ಗಳು ಕಣ್ಮರೆಯಾದರೂ ಹೊಸ ಪರದೆಗಳ ಒಳಗೆ ಅದು ಇನ್ನೂ ದುಡಿಯುತ್ತಿದೆ.